ರೋಮಿಂಗ್‌ನಲ್ಲಿ ನಮ್ಮತ್ತೆ

ನಮ್ಮ ಸೋದರತ್ತೆ ಸಿಂಗಪುರಕ್ಕೆ ಹೋಗಿ ಬಂದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಹೋಗಲೇ ಇಲ್ಲ! ಶರೀರವೇನೋ ಹೋಗಿತ್ತು, ಪಾಸ್‌ಪೋರ್ಟಿನ ಮೇಲೆ ಮೊಹರೂ ಬಿದ್ದಿದೆ. ಅವರು ಮಾತ್ರ ಬೆಂಗಳೂರಿನ ತ್ಯಾಗರಾಜನಗರದ ತಮ್ಮ ಮನೆಯ ನೀರಿನ ಸಂಪಿನ ಪಕ್ಕದಲ್ಲೇ ನಿಂತಿದ್ದರು. ಇದಕ್ಕೆ ಸಾಕ್ಷಿ ನಾನೇ, ಅವರ ಚೀಲ ಹೊರಲು ಜೊತೆಗೆ ಹೋದವನು.

ನಮ್ಮ ಕಡೆಯ ಹಿರಿಯರ ಕೈಗೆ ಮೊಬೈಲ್ ಆಗಷ್ಟೇ ಬಂದಿದ್ದ ಕಾಲ ಅದು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಅತ್ತೆ, ವಿದೇಶದಲ್ಲೂ ತಮ್ಮದೇ ನಂಬರು ನಡೆಯಬೇಕೆಂದು ಹಟ ಹಿಡಿದು ರೋಮಿಂಗ್ ಹಾಕಿಸಿಕೊಂಡರು.

"ತುಂಬಾ ದುಬಾರಿ ಮೇಡಂ, ಬಂದ ಕಾಲ್‌ಗೂ ದುಡ್ಡು ಬೀಳತ್ತೆ" ಎಂದಳು ಅಂಗಡಿಯ ಹುಡುಗಿ.

"ನಾನೇನು ಹರಟೆ ಹೊಡಿಯೋಕೆ ಹೋಗ್ತಿದೀನಾ? ಅರ್ಜೆಂಟ್ ಇದ್ರೆ ಮಾತ್ರ."

ಪ್ರಪಂಚದಲ್ಲಿ ಅರ್ಜೆಂಟ್ ಅಲ್ಲದ ವಿಷಯವೇ ಇಲ್ಲ ಎಂಬುದು ಅತ್ತೆಯ ಸಿದ್ಧಾಂತವೆಂದು ಪಾಪ, ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಮೊದಲ ಅರ್ಜೆಂಟು ವಿಮಾನ ಇಳಿದ ಕೂಡಲೇ ಬಂತು. ನಮ್ಮ ಟೂರ್ ತಂಡದವರೆಲ್ಲ ಪಾಸ್‌ಪೋರ್ಟ್ ಹಿಡಿದು ದೇವಸ್ಥಾನದಲ್ಲಿ ನಿಂತ ಹಾಗೆ ಸಾಲಿನಲ್ಲಿ ನಿಂತಿದ್ದೇವೆ. ಅತ್ತೆ ತಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಸುಮಾಗೆ ಫೋನ್ ಹಚ್ಚಿದರು.

"ಸುಮಾ, ನೀರು ಬಿಟ್ಟಿದಾರಾ? ಮೋಟರ್ ಹಾಕಿದ್ಯಾ? ಟ್ಯಾಂಕ್ ತುಂಬಿ ಚೆಲ್ಲತ್ತೆ, ಮೇಲೆ ಹೋಗಿ ನೋಡು. ಹೋಗು, ನಾನು ಲೈನಲ್ಲೇ ಇರ್ತೀನಿ!"

ಇದ್ದರು. ಎರಡೂ ಲೈನಿನಲ್ಲಿ ಇದ್ದರು! ಅಷ್ಟರಲ್ಲಿ ನಮ್ಮ ಸರದಿ ಬಂದು ಅಧಿಕಾರಿ ಕೈಬೀಸಿ ಕರೆದ. ಅತ್ತೆ ಅವನಿಗೆ ತೋರುಬೆರಳು ಎತ್ತಿ ತೋರಿಸಿದರು. ಕೊನೆಯ ಬೆಂಚಿನ ತಂಟೆಕೋರರಿಗೆ ಎತ್ತುತ್ತಿದ್ದ ಬೆರಳು ಅದು. ಒಂದು ದೇಶದ ಗಡಿ ಕಾಯುವವನು ಕೈಕಟ್ಟಿ ಕುಳಿತ. ಟ್ಯಾಂಕ್ ತುಂಬಿದ ಮೇಲೆಯೇ ನಾವು ಸಿಂಗಪುರ ಪ್ರವೇಶಿಸಿದ್ದು.

ಇನ್ನು ಅವರ ಧ್ವನಿ. ಊರು ದೂರವಾದಷ್ಟೂ ದನಿ ಏರಬೇಕಂತೆ. ಜಯನಗರಕ್ಕೆ ಸಾಧಾರಣ ಸ್ವರ, ಮೈಸೂರಿಗೆ ಏರುಸ್ವರ. ಸಿಂಗಪುರದಿಂದ ಬೆಂಗಳೂರಿಗೆ ಎಷ್ಟಾಗಬಹುದು, ನೀವೇ ಊಹಿಸಿಕೊಳ್ಳಿ!

"ಅತ್ತೆ, ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದೆ ತಲೆ ತಗ್ಗಿಸಿ.

"ಸಮುದ್ರ ದಾಟ್ಬೇಕಲ್ಲೋ ಮಾತು!"

ಕೇಬಲ್ ಕಾರಿನಲ್ಲಿ ಕೂತಾಗ ಕೆಳಗೆ ಕಡಲು, ಹಡಗು, ಹಸಿರು ದ್ವೀಪ. ಜೊತೆಯವರೆಲ್ಲ ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದರೆ, ಅತ್ತೆ ಕಣ್ಣು ಮುಚ್ಚಿಕೊಂಡು ಸುಮಾಗೆ ತುಳಸಿಗೆ ನೀರು ಹಾಕುವ ಕ್ರಮ ವಿವರಿಸುತ್ತಿದ್ದರು. ಸಿಂಗಪುರ ಹೇಗಿದೆ ಆಂಟಿ ಎಂದು ಅವಳು ಕೇಳಿರಬೇಕು. ಅತ್ತೆ ಕಣ್ಣು ಬಿಟ್ಟು ಫೋನಿನ ಕಡ್ಡಿಗಳನ್ನು ನೋಡಿ, "ಚೆನ್ನಾಗಿದೆಯಮ್ಮ, ಸಿಗ್ನಲ್ ಫುಲ್ ಇದೆ" ಎಂದರು!

ಭಾನುವಾರ ಟೂರಿನವರು ನಮ್ಮನ್ನು ಲಿಟಲ್ ಇಂಡಿಯಾದ ಅಂಗಡಿ ಬೀದಿಗೆ ಬಿಟ್ಟರು. ಒಂದು ದಿನಸಿ ಅಂಗಡಿಯಲ್ಲಿ ಅತ್ತೆಗೆ ಪ್ಲಾಸ್ಟಿಕ್ ಪೊಟ್ಟಣದೊಳಗಿನ ಕರಿಬೇವು ಕಾಣಿಸಿತು. ಮೇಲೆ ಬೆಲೆ! ಗಾಂಧಿಬಜಾರಿನ ತಮ್ಮ ಕಾಯಂ ತರಕಾರಿಯವನಿಗೆ ಫೋನ್ ಹೋಯಿತು.

"ರಾಜಣ್ಣ, ಇಲ್ಲಿ ಕರಿಬೇವನ್ನ ಮಾರ್ತಾರೆ ಕಣಯ್ಯ! ಮಾರ್ತಾರೆ!"

"ಅಯ್ಯೋ ಶಿವನೇ! ಕೊಸರಿಗೆ ಕೊಡಲ್ವಾ ಅಮ್ಮಾ?" ಎಂದ ರಾಜಣ್ಣನ ದನಿ ನನಗೂ ಕೇಳಿಸಿತು.

ಇಬ್ಬರೂ ಸೇರಿ ಸಿಂಗಪುರದ ಭವಿಷ್ಯದ ಬಗ್ಗೆ ಮರುಗಿದರು. ಆ ಕರೆಯ ಖರ್ಚಿನಲ್ಲಿ ಒಂದು ಕರಿಬೇವಿನ ತೋಟವನ್ನೇ ಎಬ್ಬಿಸಬಹುದಿತ್ತು. ಆದರೆ ಗಣಿತದ ಮೇಡಂಗೆ ಲೆಕ್ಕ ಹೇಳಿಕೊಡುವವರು ಯಾರು?

ಬೀದಿಗಿಳಿದ ಮೇಲೂ ಮಾತು ನಿಲ್ಲಲಿಲ್ಲ. ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ನೀಲಿ ಚೂಡಿದಾರ್ ತೊಟ್ಟ ಒಬ್ಬ ಹೆಂಗಸು. ನಾವು ನಿಂತರೆ ನಿಲ್ಲುತ್ತಾಳೆ, ನಡೆದರೆ ನಡೆಯುತ್ತಾಳೆ. ನಾನು ಪರ್ಸ್ ಮುಟ್ಟಿ ನೋಡಿಕೊಂಡೆ. ಅತ್ತೆ ಕೊನೆಗೂ ಫೋನ್ ಇಟ್ಟಾಗ ಆಕೆ ಸರಸರ ಹತ್ತಿರ ಬಂದಳು.

"ಯಾಕಮ್ಮಾ ನಿಲ್ಲಿಸ್ಬಿಟ್ರಿ? ಇನ್ನೊಂಚೂರು ಮಾತಾಡಿ. ಈ ಥರ ಎದುರಿಗೆ ಕನ್ನಡ ಕೇಳಿ ವರ್ಷದ ಮೇಲಾಯ್ತು."

ಚಾಮರಾಜಪೇಟೆಯವಳಂತೆ. ಇಲ್ಲಿ ಒಂದು ಮನೆಯಲ್ಲಿ ಕೆಲಸ, ಭಾನುವಾರ ರಜ. ಚಿಕ್ಕ ಮಗಳು ಊರಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ.

"ಮಗಳ ಹತ್ರ ಮಾತಾಡ್ತೀಯ ತಾನೆ?" ಎಂದರು ಅತ್ತೆ.

"ಆಗಲ್ಲಮ್ಮ. ಅವಳ ದನಿ ಕೇಳಿದ್ರೆ ಗಂಟಲು ಕಟ್ಕೊಳುತ್ತೆ. ಅಮ್ಮ ಅಳ್ತಿದಾಳೆ ಅಂತ ಅವಳು ಹೆದರ್ಕೋತಾಳೆ. ಅವರಜ್ಜಿ ಹತ್ರ ವಿಚಾರಿಸ್ಕೊಂಡು ಇಟ್ಬಿಡ್ತೀನಿ."

"ನಂಬರ್ ಹೇಳು."

ಮೇಡಂ ಕೇಳಿದ ಮೇಲೆ ಹೇಳದಿರಲಾದೀತೆ? ಅತ್ತೆ ಒತ್ತಿದರು. ಆ ಕಡೆ ಅಜ್ಜಿ ಮಗುವನ್ನು ಕೂಗಿ ಕರೆದರು. ಫೋನ್ ಕಿವಿಗಿಟ್ಟುಕೊಂಡ ಹೆಂಗಸು "ಪುಟ್ಟಿ" ಎಂದಳು, ಅಷ್ಟೆ. ಫೋನನ್ನು ಅತ್ತೆಯ ಕೈಗೆ ತುರುಕಿ ಗೋಡೆಯ ಕಡೆ ತಿರುಗಿಬಿಟ್ಟಳು.

"ಪುಟ್ಟಿ, ನಾನೊಬ್ಬಳು ಅಜ್ಜಿ ಕಣಮ್ಮ" ಎಂದರು ಅತ್ತೆ. "ನಿಮ್ಮಮ್ಮಂಗೆ ನೆಗಡಿ, ದನಿ ಹೊರಡ್ತಿಲ್ಲ. ಅವಳು ಹೇಗಿದಾಳೆ ಅಂತ ನಾನು ಹೇಳ್ತೀನಿ, ಕೇಳ್ಕೋ. ನೀಲಿ ಚೂಡಿದಾರ್ ಹಾಕ್ಕೊಂಡಿದಾಳೆ. ಜಡೆನಾ? ಇದೆ, ಉದ್ದಾನೇ ಇದೆ, ಕತ್ತರಿಸಿಲ್ಲ. ಸ್ವಲ್ಪ ಸಣ್ಣಗಾಗಿದಾಳೆ, ನಾನು ಬೈತೀನಿ. ಏನಂದೆ? ಹೂಂ ಕಣೇ, ಸುಳ್ಳಲ್ಲ, ಇಲ್ಲೇ ನನ್ನ ಪಕ್ಕದಲ್ಲೇ ಇದಾಳೆ. ಮುಟ್ಟಿ ನೋಡ್ಲಾ?"

ಅತ್ತೆ ಆ ಹೆಂಗಸಿನ ತಲೆಯ ಮೇಲೆ ಕೈಯಿಟ್ಟರು.

"ಮುಟ್ಟಿದೀನಿ ಕಣಮ್ಮ" ಎಂದರು.