ಬುಗುರಿಯಣ್ಣನ ಗೋಲು ಹಿಂದಿರುಗಿಸುವಂತೆ ದೊಡ್ಡ ಪರದೆಗೆ ಬಿನ್ನಹ

ಮಾನ್ಯ ಪರದೆಯವರೇ,

ಮೈದಾನದ ಪಡುವಣ ಗೋಲಿನ ಹಿಂದೆ, ಎರಡು ಕಬ್ಬಿಣದ ಕಂಬಗಳ ಮೇಲೆ, ಯಾರ ಹಂಗೂ ಇಲ್ಲದೆ ವಿರಾಜಮಾನರಾಗಿರುವ ತಮಗೆ, ಎದುರು ತುದಿಯ ತಗಡಿನ ಗ್ಯಾಲರಿಯ ಸಮಸ್ತರ ಪರವಾಗಿ, ಗೇಟಿನ ಮುಂದೆ ಕ್ಷೌರದ ಅಂಗಡಿ ಇಟ್ಟುಕೊಂಡಿರುವ ನಾನು ಮಾಡುವ ನಮಸ್ಕಾರಗಳು. ತಾವೂ ತಮ್ಮ ನೆತ್ತಿಯ ಮೇಲೆ ಕೂರುವ ಕಾಗೆಗಳೂ ಕ್ಷೇಮವೆಂದು ಭಾವಿಸುತ್ತೇನೆ. ಈ ಪತ್ರವನ್ನು ಎಲ್ಲರೂ ಸೇರಿ ಬರೆಯುವುದೆಂದು ತೀರ್ಮಾನವಾಗಿತ್ತು. ಆದರೆ ‘ಮಾನ್ಯ’ ಎಂಬ ಪದ ದಾಟುವಷ್ಟರಲ್ಲಿ ಗ್ಯಾಲರಿ ಎರಡು ಪಕ್ಷವಾಗಿ ಒಡೆದು, ಕೊನೆಗೆ ಕೈಯಲ್ಲಿ ಕತ್ತಿ ಹಿಡಿಯುವವನೇ ಬರೆಯಲಿ ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಮೊದಲಿಗೆ ತಮ್ಮ ಉಪಕಾರಗಳನ್ನು ನೆನೆಯುತ್ತೇನೆ. ತಾವು ಬಂದಮೇಲೆ ಬನಿಯನ್ನು, ಸುಣ್ಣಬಣ್ಣ, ಬಚ್ಚಲು ತೊಳೆಯುವ ದ್ರಾವಣ ಇವುಗಳ ಬಗ್ಗೆ ನಮ್ಮ ತಿಳಿವಳಿಕೆ ಬಹಳ ಹೆಚ್ಚಿದೆ. ಗೋಲು ಬಿದ್ದಾಗಲೆಲ್ಲ ಅದನ್ನು ಮೂರು ಸಲ ತೋರಿಸುವ ಔದಾರ್ಯವೂ ತಮ್ಮದು. ನಮ್ಮ ತಂಡದವರು ಈಚೆಗೆ ಗೋಲು ಹೊಡೆಯುವುದನ್ನು ದುರಭ್ಯಾಸವೆಂದು ಬಿಟ್ಟುಬಿಟ್ಟಿರುವುದರಿಂದ ಎದುರಾಳಿಗಳ ಗೋಲನ್ನೇ ಮೂರು ಸಲ ನೋಡಿ, ಒಂದೇ ಟಿಕೆಟ್ಟಿನಲ್ಲಿ ಮೂರು ಪಟ್ಟು ಸೋತು ಮನೆಗೆ ಹೋಗುವ ಸೌಕರ್ಯ ನಮಗೆ ಒದಗಿದೆ. ಇದಕ್ಕೆ ಯಾರೂ ಗೊಣಗಿಲ್ಲ. ಗೊಣಗಿದ್ದರೂ ತಮ್ಮ ಸ್ಪೀಕರಿನ ಸದ್ದಿನಲ್ಲಿ ಕೇಳಿಸಿಲ್ಲ.

ತಾವು ಹೊಸಬರಾದ್ದರಿಂದ ಹಳೆಯ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳಬೇಕು. ನಮ್ಮ ಕ್ಲಬ್ಬು ತನ್ನ ಜನ್ಮದಲ್ಲಿ ಗೆದ್ದಿರುವುದು ಒಂದೇ ಕಪ್ಪು. ಅದನ್ನು ಗೆಲ್ಲಿಸಿದ್ದು ಬುಗುರಿಯಣ್ಣನ ಗೋಲು. ಚೆಂಡು ಕಾಲಿಗೆ ಸಿಕ್ಕರೆ ಬುಗುರಿಯ ಹಾಗೆ ತಿರುಗಿ ನಾಲ್ವರನ್ನು ನಾಲ್ಕು ದಿಕ್ಕಿಗೆ ಕಳಿಸುತ್ತಿದ್ದುದರಿಂದ ಅವರಿಗೆ ಆ ಹೆಸರು. ಫೈನಲ್ಲಿನ ಆ ಗೋಲು ಬಿದ್ದದ್ದು ಆಟದ ಕೊನೆಗೆ, ಪಡುವಣ ಕಂಬಗಳ ನಡುವೆ, ಹೊತ್ತು ಮುಳುಗುವ ವೇಳೆಗೆ. ಆಗ ತಾವಿರಲಿಲ್ಲ, ಈಗ ತಾವು ನಿಂತಿರುವ ಜಾಗದಲ್ಲಿ ಸೂರ್ಯನಿದ್ದ. ಅವನು ಗ್ಯಾಲರಿಯವರೆಲ್ಲರ ಕಣ್ಣಿಗೆ ನೇರವಾಗಿ ಹೊಡೆಯುತ್ತಿದ್ದ. ಎಲ್ಲರೂ ಹಣೆಗೆ ಅಂಗೈ ಅಡ್ಡ ಹಿಡಿದಿದ್ದೆವು. ಕಂಡದ್ದು ಬೆಳಕು, ಧೂಳು, ಅಲುಗಾಡಿದ ಬಲೆ, ಅಷ್ಟೇ.

ಹೀಗಾಗಿ ಉಳಿದದ್ದನ್ನು ನಾವೇ ಕಾಣಬೇಕಾಯಿತು, ಕಂಡೆವು. ಗ್ಯಾಲರಿಯಲ್ಲಿ ನನ್ನ ಸಾಲಿನಲ್ಲೇ ಕೂರುವ ಬೇಕರಿಯವರ ಪ್ರಕಾರ ಅದು ನಡುಗೆರೆಯಿಂದ ಹೊಡೆದದ್ದು. ನರ್ಸಕ್ಕನ ಪ್ರಕಾರ ಹಾರಿ ತಲೆಯಿಂದ ಗುದ್ದಿದ್ದು. ತಲೆಯ ವಿಷಯ ಆಸ್ಪತ್ರೆಯವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು ಎಂಬುದು ಅವರ ವಾದ. ನಾನು ಹೇಳುವುದು ಗಾಳಿಯಲ್ಲಿ ಮಗುಚಿ ಹೊಡೆದ ಒದೆತ. ಅದನ್ನು ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡು ಹೇಳುವುದರಿಂದ ಇವತ್ತಿನವರೆಗೆ ಒಬ್ಬರೂ ಆಕ್ಷೇಪಿಸಿಲ್ಲ. ಎಲ್ಲರಿಗಿಂತ ಸೊಗಸಾಗಿ ವರ್ಣಿಸುವವನು ಆ ದಿನ ಪರವೂರಿನಲ್ಲಿದ್ದ ನನ್ನ ಭಾವ. ಇಂದಿಗೂ ಆಟದ ಕೊನೆಯ ಘಟ್ಟ ಬಂತೆಂದರೆ, ತಮ್ಮ ಕೃಪೆಯಿಂದ ಬಿಸಿಲು ಬೀಳದಿದ್ದರೂ, ಗ್ಯಾಲರಿಯವರ ಅಂಗೈಗಳು ತಾವಾಗಿಯೇ ಹಣೆಗೆ ಹೋಗುತ್ತವೆ. ಹೊರಗಿನ ತಂಡದವರು ಇದನ್ನು ಸೆಲ್ಯೂಟು ಎಂದುಕೊಂಡು ತಿರುಗಿ ಸೆಲ್ಯೂಟು ಹೊಡೆದದ್ದೂ ಉಂಟು.

ಇಂಥ ನಮ್ಮ ಸಂಸಾರದೊಳಕ್ಕೆ ತಾವು ಕಳೆದ ತಿಂಗಳು ದಯಮಾಡಿಸಿದಿರಿ. ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಯಾವುದೋ ಕಪಾಟಿನ ಮೇಲೆ ಆ ಫೈನಲ್ಲಿನ ಫಿಲ್ಮು ಸುರುಳಿ ಸಿಕ್ಕಿತ್ತು. ತೆಗೆದವನು ಯಾರೋ, ಸೂರ್ಯನಿಗೆ ಬೆನ್ನು ಹಾಕಿ ನಿಂತು ತೆಗೆದಿದ್ದ. ಬುಗುರಿಯಣ್ಣನಿಗೆ ಗೌರವ ಸಲ್ಲಿಸುತ್ತೇವೆ ಎಂದು ಮೈಕಿನಲ್ಲಿ ಸಾರಿ, ವಿರಾಮದಲ್ಲಿ ಅದನ್ನು ತಮ್ಮ ಮೇಲೆ ಬಿಟ್ಟರು. ನಾವೆಲ್ಲ ಎದ್ದು ನಿಂತೆವು. ಬುಗುರಿಯಣ್ಣ ಎಂದಿನಂತೆ ಗ್ಯಾಲರಿಯ ಕಂಬದ ಪಕ್ಕದ ಮಾಮೂಲಿ ಜಾಗದಲ್ಲಿ ಕೂತಿದ್ದರು. ತಾವು ತೋರಿಸಿದ್ದೇನು? ಬುಗುರಿಯಣ್ಣ ಗೋಲಿನ ಮುಂದೆ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದಾರೆ. ಎದುರಾಳಿಯೊಬ್ಬ ಗಾಬರಿಯಲ್ಲಿ ಚೆಂಡನ್ನು ಒದ್ದು ಹೊರಹಾಕಲು ಹೋಗುತ್ತಾನೆ. ಅದು ಬುಗುರಿಯಣ್ಣನ ಬೆನ್ನಿಗೆ ಬಡಿದು (ಮರ್ಯಾದೆಗೆ ಬೆನ್ನು ಎನ್ನೋಣ, ಅಸಲು ಬಡಿದದ್ದು ಇನ್ನೂ ಸ್ವಲ್ಪ ಕೆಳಗೆ) ಬಲೆಯೊಳಗೆ ಹೋಗುತ್ತದೆ. ಇದನ್ನು ತಾವು ಮೂರು ಸಲ ತೋರಿಸಿದಿರಿ. ಮೂರನೆಯ ಸಲ ನಿಧಾನವಾಗಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು, ಪರದೆಯ ಮೇಲೆ ಮೂರು ಸಲ ಕಂಡರೆ ಏನು ಮಾಡಬೇಕೆಂದು ಹೇಳಿ ಹೋಗಲಿಲ್ಲ. ನಾವು ಇಂಗು ತಿಂದ ಮಂಗನಂತೆ ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಹೊರಗಿನ ತಂಡದ ಕಡೆಯವರು ನಕ್ಕರು. ಬುಗುರಿಯಣ್ಣ ನಮ್ಮ ಕಡೆ ಒಮ್ಮೆ ತಿರುಗಿ ನೋಡಿ, ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದು ಹೋದರು.

ಅಂದಿನಿಂದ ಅವರು ಬಂದಿಲ್ಲ. ಇದೇ ನಮ್ಮ ದೂರು, ಉಳಿದದ್ದೆಲ್ಲ ಒಗ್ಗರಣೆ. ಆಟ ಬಿಟ್ಟಮೇಲೆ ಬಸ್ ಡಿಪೋದಲ್ಲಿ ಟಯರು ಬದಲಿಸುವ ಕೆಲಸ ಮಾಡಿದವರು, ನಿವೃತ್ತರಾದವರು, ಎಷ್ಟು ಕರೆದರೂ ಗಣ್ಯರ ಕುರ್ಚಿಗೆ ಹೋಗದೆ ನಮ್ಮ ನಡುವೆಯೇ ಕೂತವರು. ನಮ್ಮ ಹುಡುಗರು ಖಾಲಿ ಗೋಲಿನ ಮುಂದೆ ಚೆಂಡನ್ನು ಆಕಾಶಕ್ಕೆ ಕಳಿಸಿದಾಗಲೂ “ಪರವಾಗಿಲ್ಲ ಬಿಡ್ರಪ್ಪ, ಎತ್ತರ ಚೆನ್ನಾಗಿತ್ತು” ಎನ್ನುತ್ತಿದ್ದವರು. ಆಟದ ದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಮೊದಲ ಗಡ್ಡ ಅವರದು. ಈಗ ಆ ಹೊತ್ತಿಗೆ ನನ್ನ ಅಂಗಡಿಯ ಕುರ್ಚಿಯೂ ಖಾಲಿ, ಕಂಬದ ಪಕ್ಕದ ಜಾಗವೂ ಖಾಲಿ. ಅವರ ಮನೆಯವರಂತೂ ನನ್ನ ಹೆಂಡತಿಯ ಕೈ ಹಿಡಿದು, “ಇಡೀ ದಿನ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ನನ್ನ ಸೌಟಿಗೆ ಕಾಮೆಂಟರಿ ಹೇಳ್ತಾರೆ, ದಯವಿಟ್ಟು ಕರ್ಕೊಂಡು ಹೋಗಿ” ಎಂದು ಬೇಡಿಕೊಂಡಿದ್ದಾರೆ.

ಆದ್ದರಿಂದ ಬೇಕರಿಯವರು, ನರ್ಸಕ್ಕ, ನಾನು ಅವರ ಮನೆಗೆ ಹೋದೆವು. ಬೇಕರಿಯವರು ಬಿಸಿ ಬ್ರೆಡ್ಡು ಮುಂದಿಟ್ಟು, “ಅಣ್ಣಾ, ಆ ಪರದೆ ಶುದ್ಧ ಸುಳ್ಳು” ಎಂದರು. ಬುಗುರಿಯಣ್ಣ ನಕ್ಕುಬಿಟ್ಟರು. “ಸುಳ್ಳಲ್ಲಪ್ಪ, ಬಿದ್ದಿದ್ದು ಅಲ್ಲಿಗೇ. ನಿನ್ನ ಅಂಗಡೀಲಿ ಎಷ್ಟು ಸಲ ಹೇಳೋಕೆ ಹೋದೆ. ಬಾಯಿ ತೆಗೆದ್ರೆ ಸಾಕು, ‘ಅಲುಗಾಡಬೇಡಿ, ಕತ್ತಿ ತಾಗುತ್ತೆ’ ಅಂತಿದ್ದೆ ನೀನು” ಎಂದು ನನ್ನ ಕಡೆ ನೋಡಿದರು. ಹಾಗಿದ್ದರೆ ಬರುವುದನ್ನು ಯಾಕೆ ಬಿಟ್ಟಿರಿ ಎಂದು ನರ್ಸಕ್ಕ ಕೇಳಿದಾಗ ಅವರ ನಗು ನಿಂತಿತು. “ಅವತ್ತಿಂದ ನೀವು ಯಾರೂ ಆ ಗೋಲಿನ ಮಾತೇ ಎತ್ತುತ್ತಿಲ್ಲವಂತೆ. ಆ ಗೋಲು ಅರ್ಧ ನಂದು, ಅರ್ಧ ನಿಮ್ಮದು. ನನ್ನ ಅರ್ಧ ಹೇಗೋ ಬೆನ್ನಿಂದ ಬಂತು. ನಿಮ್ಮ ಅರ್ಧ ಎಲ್ಲಿ ಕಳೆದ್ರಿ? ಅದಿಲ್ದೆ ಅಲ್ಲಿ ಬಂದು ನಾನೇನು ಕೇಳಲಿ?” ಎಂದರು. ಭಾನುವಾರದ ಆಟಕ್ಕೆ ಬರುತ್ತೀರಾ ಎಂದರೆ, ನೋಡೋಣ ಎಂದರು.

ಮಾನ್ಯರೇ, ಅವರು ಹೇಳಿದ್ದು ನಿಜ. ಈಗ ಗಿರಾಕಿಗಳು ಆ ಗೋಲಿನ ಬಗ್ಗೆ ಕೇಳಿದರೆ ನಾನು ಹವಾಮಾನದ ಮಾತಾಡುತ್ತೇನೆ.

ಆದಕಾರಣ ತಮ್ಮಲ್ಲಿ ಬಿನ್ನಹ. ತಾವು ನೋಡಿದ್ದನ್ನು ದಯವಿಟ್ಟು ಮರೆಯಬೇಕು. ಮರೆಯಲಾಗದಿದ್ದರೆ, ಬುಗುರಿಯಣ್ಣ ಕಾಲಿನಿಂದಲೇ ಹೊಡೆದ ಉಳಿದ ಗೋಲುಗಳನ್ನೆಲ್ಲ, ಯಾರೂ ಫಿಲ್ಮು ತೆಗೆದಿರದಿದ್ದರೂ, ಎಲ್ಲಿಂದಲಾದರೂ ತಂದು ತೋರಿಸಬೇಕು. ಅದೂ ಆಗದಿದ್ದರೆ ಆಟದ ಕೊನೆಯಲ್ಲಿ ಬನಿಯನ್ನು, ಬಣ್ಣ ಎಲ್ಲವನ್ನೂ ನಿಲ್ಲಿಸಿ, ಮೈತುಂಬ ಬರಿಯ ಬಿಳಿ ಬೆಳಕನ್ನು ನಮ್ಮ ಕಣ್ಣಿಗೆ ಹೊಡೆಯಬೇಕು. ತಾವು ಮರೆಮಾಡಿರುವ ಸೂರ್ಯನ ಬಾಕಿ ಅಷ್ಟರಲ್ಲಿ ತೀರುತ್ತದೆ. ನಾವು ಹಣೆಗೆ ಕೈ ಹಿಡಿದು ಮಿಕ್ಕದ್ದನ್ನು ನೋಡಿಕೊಳ್ಳುತ್ತೇವೆ.

ತಮ್ಮ ಬೆಳಕಿನಲ್ಲಿ ಕಣ್ಣು ಕಿರಿದಾಗಿಸಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ಗೇಟಿನೆದುರಿನ ಕ್ಷೌರಿಕ

ಮರೆತ ಮಾತು: ಇದನ್ನು ತಮ್ಮ ಕಂಬಕ್ಕೆ ಅಂಟಿಸುವ ಮೊದಲೇ ಭಾನುವಾರ ಕಳೆಯಿತು. ಬೆಳಿಗ್ಗೆ ನಾನು ಗಿರಾಕಿಯೊಬ್ಬರಿಗೆ, ಹೇಗಾದರಾಗಲಿ ಎಂದು, ಆ ಮಗುಚಿ ಹೊಡೆದ ಗೋಲನ್ನು ಹೇಳುತ್ತಿರುವಾಗ ಬುಗುರಿಯಣ್ಣ ಒಳಗೆ ಬಂದು ಬೆಂಚಿನ ಮೇಲೆ ಕೂತು, “ಇನ್ನೂ ಸ್ವಲ್ಪ ಎತ್ತರ” ಎಂದರು. ಸಂಜೆ ಅವರ ಜಾಗ ತುಂಬಿತ್ತು. ಆಟದ ಕೊನೆಗೆ ನಮ್ಮ ತಂಡ, ತಾವು ನಂಬಲಿಕ್ಕಿಲ್ಲ, ಒಂದು ಗೋಲು ಹೊಡೆಯಿತು. ಆ ಹೊತ್ತಿಗೆ ತಾವು ಬಚ್ಚಲು ತೊಳೆಯುವ ದ್ರಾವಣದ ಬಾಟಲಿಯೊಂದನ್ನು ತೋರಿಸುತ್ತ ಹಾಗೆಯೇ ಸ್ತಬ್ಧರಾಗಿಬಿಟ್ಟಿದ್ದಿರಿ. ಕಾರ್ಯದರ್ಶಿಗಳು ಬಂದು ಬಡಿದರೂ ಅಲುಗಲಿಲ್ಲ. ಆ ಗೋಲು ಎಲ್ಲೂ ದಾಖಲಾಗಿಲ್ಲ. ಇದಕ್ಕಾಗಿ ತಮಗೆ ಅನಂತ ಕೃತಜ್ಞತೆಗಳು. ನಡುಗೆರೆಯಿಂದ ಹೊಡೆದದ್ದೆಂದು, ಹಣೆಯ ಮೇಲಿನ ಕೈ ಇಳಿಸದೆ, ಬುಗುರಿಯಣ್ಣ ಹೇಳುತ್ತಾರೆ. ಅದಕ್ಕೂ ಹಿಂದಿನಿಂದ ಎನ್ನುತ್ತಾನೆ, ಪರವೂರಿನಿಂದ ಫೋನಿನಲ್ಲಿ, ನನ್ನ ಭಾವ.