ಇಲ್ಲದ ಜಿಲ್ಲೆಗೆ ಸ್ನಾನ ಮಾಡಿದ ಬೀಗರು

ನೆಂಟರು ಸತ್ತರೆ ಸ್ನಾನ ಮಾಡುವವರನ್ನು ನೀವು ನೋಡಿದ್ದೀರಿ. ಒಂದು ಜಿಲ್ಲೆ ಸತ್ತಿತು ಅಂತ ತಲೆಗೆ ನೀರು ಹಾಕಿಕೊಂಡವರನ್ನು ನೋಡಿದ್ದೀರಾ? ನಾನು ನೋಡಿದ್ದೀನಿ. ಅವರು ನಮ್ಮ ಬೀಗರು, ನನ್ನ ಅಳಿಯನ ತಂದೆ! ಹೆಸರು ಬರೆಯೋಲ್ಲ. ಬರೆದರೆ ಮೂರು ಪುಟದ ತಿದ್ದುಪಡಿ ಬರುತ್ತೆ, ನಕ್ಷೆ ಸಮೇತ. ಇಷ್ಟಾದರೂ ಬರೆಯೋಕೆ ಧೈರ್ಯ ಬಂದಿರೋದು ನನ್ನ ಹೊಟ್ಟೆಯಲ್ಲಿ ಈಗ ಹಿಡಿಸಲಾರದಷ್ಟು ಸಂತೋಷ ಇರೋದರಿಂದ.

ಬೀಗರು ಮೈಸೂರು ಕಡೆ ಸರ್ವೆ ಇಲಾಖೆಯಲ್ಲಿ ಜೀವನವೆಲ್ಲ ಹೊಲ ಅಳೆದವರು. ನಮ್ಮ ಮಗಳು ಬಸುರಿ ಅಂತ 2014ರಲ್ಲಿ ನಾನೂ ಅವರೂ ಅವಳಿರೋ ನೈರೋಬಿಗೆ ಬಂದೆವು. ನಾನು ಬಾಣಂತನಕ್ಕೆ. ಅವರು ಯಾಕೆ ಅಂತ ಕೇಳಬೇಡಿ, ಅವರ ಮಗನನ್ನೇ ಕೇಳಿದ್ದೆ, ಅವನಿಗೂ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂಟಿ ಮನುಷ್ಯ, ಬಂದರು.

ಬಂದ ವಾರದಲ್ಲೇ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಿಂದ ಒಂದು ಬೂಸಲು ಹಿಡಿದ ಪುಸ್ತಕ ತಂದರು. ಇಂಗ್ಲೆಂಡಿನ ಪಕ್ಕದ ವೇಲ್ಸ್ ಅನ್ನೋ ದೇಶದ್ದು. ಅದರಲ್ಲಿ ಲಿವ್ ವ್ಯಾಲಿ ಅಂತ ಒಂದು ಜಿಲ್ಲೆ, ಅದರ ನಕ್ಷೆ. ಆ ಹೆಸರಿನ ಮೊದಲಕ್ಷರಕ್ಕೆ ನಾಲಗೆ ಹಲ್ಲಿಗೆ ಒತ್ತಿ ಪಕ್ಕದಿಂದ ಗಾಳಿ ಬಿಡಬೇಕಂತೆ. ಬೆಳಿಗ್ಗೆ ಎದ್ದು ಬಿಸಿ ಸಾರು ಊದೋ ಹಾಗೆ ಅಭ್ಯಾಸ ಮಾಡೋರು. ಎದುರು ಮನೆಯವರು ಗ್ಯಾಸ್ ಸೋರ್ತಿದೆಯಾ ಅಂತ ಬಂದು ವಿಚಾರಿಸಿದರು!

ನಕ್ಷೆಯಲ್ಲಿ ಒಂದು ಗಡಿ ಗೆರೆ ತಪ್ಪಾಗಿದೆ ಅಂತ ಬೀಗರು ಆ ಜಿಲ್ಲೆಯ ಕಚೇರಿಗೇ ಕಾಗದ ಬರೆದರು. ಯುಗಾದಿ ದಿನ ಉತ್ತರ ಬಂತು, ಅಲ್ಲಿನ ಪಕ್ಕದ ಊರಿನ ಕಚೇರಿಯ ಯಾರೋ ಪುಣ್ಯಾತ್ಮ ಬರೆದದ್ದು. ಲಿವ್ ವ್ಯಾಲಿ ಅನ್ನೋ ಜಿಲ್ಲೆ ಈಗಿಲ್ಲ, 1996ರಲ್ಲೇ ರದ್ದಾಯಿತು ಅಂತ.

ಬೀಗರು ಕಾಗದ ಮಡಚಿದರು. ಬಚ್ಚಲಿಗೆ ಹೋದರು. ದೂರದವರ ಸಾವಿನ ಸುದ್ದಿ ತಡವಾಗಿ ಬಂದರೆ ಒಂದು ತಲೆಸ್ನಾನ ಸಾಕಲ್ಲ, ಆ ಲೆಕ್ಕ. ನಮ್ಮ ಕಟ್ಟಡಕ್ಕೆ ನೀರು ಬರೋದೇ ವಾರಕ್ಕೆ ಎರಡು ದಿನ. ಎರಡು ಬಕೆಟ್ ಸುರಿದುಕೊಂಡು ಬಂದು ಹೇಳ್ತಾರೆ: "ಬೀಗಿತ್ತಿಯವರೇ, ಇವತ್ತು ನನಗೆ ಸಿಹಿ ಬೇಡ."

"ಒಬ್ಬಟ್ಟು ಮಾಡಿದ್ದೀನಿ ಬೀಗರೇ!"

"ನಾಳೆ ತಿಂತೀನಿ."

ಅವರ ಪಾಲಿನ ಒಬ್ಬಟ್ಟು ನಾನೇ ತಿಂದೆ. ನನಗೂ ಆ ಜಿಲ್ಲೆಗೂ ಸಂಬಂಧವಿಲ್ಲ ನೋಡಿ.

ಇರಲಿ. ನಗೋದಕ್ಕೆ ಆಮೇಲೆ ಸಮಯವೇ ಇರಲಿಲ್ಲ. ಹೆರಿಗೆಗೆ ಇನ್ನೂ ಒಂದು ತಿಂಗಳಿದೆ ಅನ್ನುವಾಗ, ಒಂದು ಬೆಳಿಗ್ಗೆ, ಮಗಳು ಅಡುಗೆಮನೆ ಕಟ್ಟೆ ಹಿಡಿದುಕೊಂಡು "ಅಮ್ಮಾ" ಅಂದಳು. ಆ ದನಿಗೆ ನನ್ನ ಕೈಯ ಸೌಟು ಕೆಳಗೆ ಬಿತ್ತು. ಅಳಿಯ ಕೆಲಸದ ಮೇಲೆ ಕಸರಾನಿಗೆ ಹೋಗಿದ್ದ, ಊರಿನ ಆ ತುದಿ. ಟ್ಯಾಕ್ಸಿ ಕರೆಸಿ ಹೊರಟೆವು. ನಾನೂ ಮಗಳೂ ಹಿಂದೆ, ಬೀಗರು ಡ್ರೈವರ್ ಕಮಾವು ಪಕ್ಕದಲ್ಲಿ. ಆಸ್ಪತ್ರೆ ಇರೋದು ಅಪ್ಪರ್ ಹಿಲ್‌ನಲ್ಲಿ. ವೆಸ್ಟ್‌ಲ್ಯಾಂಡ್ಸ್ ದಾಟೋ ಮೊದಲೇ ಗಾಡಿ ನಿಂತಿತು. ಮುಂದೆ ಮಟಾಟು ಅನ್ನೋ ಬಾಡಿಗೆ ವ್ಯಾನು, ಹಿಂದೆ ಮಟಾಟು, ಪಕ್ಕದ ಮಟಾಟುವಿನಲ್ಲಿ ಎದೆ ನಡುಗಿಸೋ ಹಾಡು.

ಬೀಗರು ಗಡಿಯಾರ ನೋಡಿ ಚೀಟಿಯಲ್ಲಿ ಗುರುತು ಹಾಕ್ತಿದ್ದರು. "ಹಿಂದಿನ ನೋವಿಗೂ ಇದಕ್ಕೂ ಆರು ನಿಮಿಷ."

"ಅಳತೆ ಸಾಕು ಬೀಗರೇ, ದೇವರನ್ನ ನೆನೀರಿ!"

"ಡಾಕ್ಟರು ಕೇಳ್ತಾರೆ. ದೇವರು ಕೇಳಲ್ಲ."

ಮಗಳು ನನ್ನ ಮುಂಗೈ ಹಿಡಿದಿದ್ದಳು, ಉಗುರು ಇಳಿದಿತ್ತು. "ಮಾವ, ಏನಾದ್ರೂ ಹೇಳ್ತಾ ಇರಿ. ನಿಮ್ಮ ಜಿಲ್ಲೆ ಕತೆಯಾದ್ರೂ ಹೇಳಿ."

ಅಷ್ಟು ಸಾಕು! ಬೀಗರು ಹಿಂದೆ ತಿರುಗಿ ಕೂತರು. 1974ರಲ್ಲಿ ಲುಖುರ್ ಅನ್ನೋ ಪಟ್ಟಣದ ಭಾಗವನ್ನೂ ಪೊಂಟಾರ್ಡೌವೆ ಅನ್ನೋ ಹಳ್ಳಿಗಾಡನ್ನೂ ಸೇರಿಸಿ ಈ ಜಿಲ್ಲೆ ಕಟ್ಟಿದರಂತೆ. ಅಲ್ಲಿಯವರು ಕಲ್ಲಿದ್ದಲು ಅಗೆಯೋರು, ತವರದ ತಗಡು ಮಾಡೋರು.

"ಕೇಳದೆ ಮದುವೆ ಮಾಡಿದ ಹಾಗೆ," ಅಂದೆ.

"ಹಾಗೇ ಅನ್ನಿ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರು."

"ಆಮೇಲೆ, ಮಾವ?" ಮಗಳು ಹಲ್ಲು ಕಚ್ಚಿ ಕೇಳಿದಳು.

"ಆಮೇಲೆ ಮೇಲಿನವರು ಬಂದು ಪಾಲು ಮಾಡಿದರು. ಒಂದು ಪಾಲು ಸ್ವಾನ್ಸೀಗೆ, ಒಂದು ಪಾಲು ನೀತ್ ಪೋರ್ಟ್ ಟಾಲ್ಬಟ್‌ಗೆ."

ಕಮಾವು ಇಂಗ್ಲಿಷಿನಲ್ಲಿ ಏನು ಕತೆ ಅಂತ ವಿಚಾರಿಸಿದ. ಬೀಗರು ಹೇಳಿದರು. ಅವನು ತುಂಬ ಗಂಭೀರವಾಗಿ ತಲೆದೂಗಿದ. "ಪೊಲೆ ಸಾನಾ, ಮ್ಝೇ," ಅಂದ. ಸಾವಿನ ಮನೆಯಲ್ಲಿ ಹಿರಿಯರಿಗೆ ಹೇಳೋ ಮಾತದು! ಹೋದ ವರ್ಷ ಇಲ್ಲೂ ಹೊಸ ಕೌಂಟಿಗಳು ಬಂದವಂತೆ, ಅವನ ಹಳೇ ಜಿಲ್ಲೆಯೂ ಲೆಕ್ಕಕ್ಕಿಲ್ಲದೆ ಹೋಯಿತಂತೆ. ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಹೆರೋ ಹಾಗಿದ್ದಾಳೆ!

ಅಷ್ಟರಲ್ಲಿ ಕಮಾವು ಹಾರ್ನ್ ಒತ್ತಿ ಹಿಡಿದು, ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿದ. ಎರಡು ಮಟಾಟು ಬದಿಗೆ ಸರಿದವು. ಹೇಗೆ ತಲುಪಿದೆವೋ! ಬೀಗರ ಚೀಟಿಯಲ್ಲಿ ಕೊನೇ ಗುರುತು ಮೂರು ನಿಮಿಷ.

ಹೆಣ್ಣುಮಗು ಹುಟ್ಟಿತು. ಅಳಲಿಲ್ಲ.

ನಾನು ಕಾಯ್ತಿದ್ದದ್ದು ಆ ಒಂದು ಸದ್ದಿಗೆ. ಬರಲಿಲ್ಲ. ಮಗುವನ್ನು ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ಕೊಳವೆ ಹಾಕಿದರು. ಸಂಜೆವರೆಗೆ ನೋಡಬೇಕು ಅಂದರು ಡಾಕ್ಟರು. ಅಳಿಯ ಇನ್ನೂ ದಾರಿಯಲ್ಲೇ ಸಿಕ್ಕಿಬಿದ್ದಿದ್ದ. ನರ್ಸ್ ಬಂದು, ಒಬ್ಬ ಹಿರಿಯರು ಮಾತ್ರ ಒಳಗೆ ಬರಬಹುದು ಅಂದಳು.

"ಹೋಗಿ ಬೀಗರೇ, ನಿಮ್ಮ ಮನೆ ಕುಡಿ."

"ನೀವು ಹೋಗಿ."

"ಮೊದಲು ನಿಮ್ಮ ಹಕ್ಕು."

ಅವರು ಗೋಡೆ ನೋಡಿಕೊಂಡು ನಿಂತಿದ್ದರು. "ನನ್ನಿಂದ ಆಗಲ್ಲ ತಂಗ್ಯಮ್ಮ. ನೀವು ಹೋಗಿ, ಅದಕ್ಕೊಂದು ಹೆಸರಿಡಿ."

ಹೆಸರಾ? ನಮ್ಮಲ್ಲಿ ಹನ್ನೊಂದು ದಿನ ಕಳೆಯದೆ ಹೆಸರಿಡೋ ಪದ್ಧತಿ ಉಂಟೇ! "ಈಗ ಪುರುಡು ಬೀಗರೇ. ಹನ್ನೆರಡನೇ ದಿನ ತೊಟ್ಟಿಲು ಕಟ್ಟಿ..."

"ನಮಗೂ ಹಾಗೇ ಹೇಳಿದ್ದರು," ಅಂದರು. "ನಿಮ್ಮ ಅಳಿಯನಿಗಿಂತ ಮುಂಚೆ ನಮಗೊಂದು ಹೆಣ್ಣುಮಗು. ಐದು ದಿನ ಇತ್ತು. ಹನ್ನೆರಡನೇ ದಿನ ಬರಲಿ ಅಂತ ಕಾದ್ವಿ. ತಾಲೂಕಿನ ಒಂದೊಂದು ಹೊಲದ ಸರ್ವೆ ನಂಬರೂ ನನ್ನ ಬಾಯಲ್ಲಿತ್ತು ತಂಗ್ಯಮ್ಮ. ಆ ಮಗುವಿಗೆ ಮಾತ್ರ ಹೆಸರಿಲ್ಲ. ಈಗ ನೆನೀಬೇಕು ಅಂದ್ರೆ ಏನಂತ ನೆನೀಲಿ?"

ನಾನು ಮಗಳ ಹಾಸಿಗೆಗೆ ಓಡಿದೆ. "ಹೆಸರೇನು ಅಂದ್ಕೊಂಡಿದ್ದೀರೇ?"

ಅವಳ ಮುಖ ಬಿಳಿಚಿತು. "ಯಾಕಮ್ಮ? ಏನಾಯ್ತು?"

"ಏನೂ ಆಗಿಲ್ಲ. ಹೇಳು."

"ಮೈತ್ರಿ."

ಕೈ ತೊಳೆದು ಒಳಗೆ ಹೋದೆ. ಪೆಟ್ಟಿಗೆಯಲ್ಲಿ ಕೈ ತೂರಿಸೋ ದುಂಡು ಕಿಂಡಿ ಇತ್ತು, ಅದಕ್ಕೆ ಬಾಯಿಟ್ಟೆ. ಮೈತ್ರಿ. ಪಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ಮೈತ್ರಿ. ಮೂರನೇ ಸಲವೂ ಹೇಳಿದೆ. ಮಗು ಹುಬ್ಬು ಗಂಟಿಕ್ಕಿತು. ಬಾಯಿ ತೆರೆಯಿತು. ಒಡಕು ಪೀಪಿಯಂಥ ಒಂದು ಅಳು ಬಂತು! ನಿಂತಿತು ಅಂದುಕೊಂಡೆ, ಮತ್ತೆ ಬಂತು, ಈ ಸಲ ಜೋರಾಗಿ, ನನ್ನನ್ನು ಬೈಯೋ ಹಾಗೆ. ನರ್ಸ್ ಓಡಿಬಂದು ನೋಡಿ ನಕ್ಕಳು. "ಸವಾ, ಶೋಶೋ, ಸವಾ!" ಸವಾ ಅಂದರೆ ಎಲ್ಲ ಸರಿ, ಶೋಶೋ ಅಂದರೆ ಇಲ್ಲಿ ಅಜ್ಜಿ. ನನ್ನನ್ನು ಅಜ್ಜಿ ಅಂತ ಮೊದಲು ಕರೆದವಳು ಅವಳೇ.

ಕೋಣೆಯ ಗಾಜಿನ ಗೋಡೆಯಾಚೆ ಬೀಗರು ಹೆಸರೇನು ಅಂತ ಕೈಸನ್ನೆ ಮಾಡಿದರು. ಗಾಜಿಗೆ ಬಾಯುಸಿರು ಬಿಟ್ಟು, ಬೆರಳಲ್ಲಿ ಎರಡಕ್ಷರ ಬರೆದೆ. ಆ ಕಡೆಯಿಂದ ತಿರುಗುಮುರುಗಾಗಿ ಕಂಡಿರಬೇಕು, ತುಂಬ ಹೊತ್ತು ಓದಿದರು. ಜೇಬಿನಿಂದ ಪೆನ್ನು ತೆಗೆದು ಎಡ ಅಂಗೈಯಲ್ಲಿ ಬರೆದುಕೊಂಡರು.

ನರ್ಸ್ ಬಾಗಿಲು ತೆರೆದು, ತಾತನೂ ಕೈ ತೊಳೆದು ಒಳಗೆ ಬರಲಿ ಅಂದಳು. ಬೀಗರು ನಲ್ಲಿವರೆಗೆ ಹೋದರು. ತಿರುಗಿಸಿದರು. ಅಂಗೈಯಲ್ಲಿದ್ದ ಹೆಸರು ನೋಡಿಕೊಂಡರು. ನಲ್ಲಿ ನಿಲ್ಲಿಸಿ, ಮುಷ್ಟಿ ಬಿಗಿಹಿಡಿದು, ಬೇಡ ಅಂತ ತಲೆಯಾಡಿಸಿ ಗಾಜಿನ ಆಚೆಯೇ ನಿಂತುಬಿಟ್ಟರು.