ಮೈಕಿನ ಕಿವಿಗೆ ಹತ್ತಿ

ಉಳಿದೆಲ್ಲ ವಿಭಾಗಗಳಂತೆ ಹಳೆಯ ಫೈಲುಗಳ ವಿಭಾಗದ ಗೋಡೆಗೂ ಬೆಳಿಗ್ಗೆ ನಿಂಬೆಹಣ್ಣಿನಷ್ಟು ದೊಡ್ಡ ಮೈಕೊಂದು ಬಂದು ಕೂತಿತು. ಅದು ಸದ್ದನ್ನು ಕರೆಂಟಾಗಿಸುತ್ತದೆ, ಮ್ಯಾನೇಜರರ ಕೋಣೆಯ ಪೆಟ್ಟಿಗೆ ಆ ಕರೆಂಟನ್ನು ಅಂಕಿಯಾಗಿಸುತ್ತದೆ. ಅಂಕಿಯನ್ನು ಮೆಮೋ ಆಗಿಸುವಷ್ಟು ಕೆಲಸವನ್ನು ಮಾತ್ರ ಪಾಪ, ಮ್ಯಾನೇಜರರಿಗೆ ಉಳಿಸಿದ್ದರು. ಸಂಜೆಯವರೆಗೆ ಯಾವ ವಿಭಾಗದಲ್ಲಿ ಗಲಾಟೆ ಕಡಿಮೆಯೋ ಅಲ್ಲಿಯ ಹಿರಿಯ ಗುಮಾಸ್ತನಿಗೆ ಸೂಪರ್‌ವೈಸರ್ ಕುರ್ಚಿ ಎಂದು ಸುತ್ತೋಲೆ ಬಂದಿತ್ತು.

ಇಲ್ಲಿಯ ಹಿರಿಯ ಗುಮಾಸ್ತ ಹನ್ನೊಂದು ವರ್ಷದಿಂದ ಆ ಕುರ್ಚಿಯ ಮೇಲೆ ಕಣ್ಣಿಟ್ಟವನು. ಜನ್ಮದಲ್ಲಿ ದನಿ ಎತ್ತಿದವನಲ್ಲ. ಆದರೆ ಮೂಗಿಗೆ ಧೂಳು ಹೋದರೆ ಅವನು ಸೀನುವ ರಭಸಕ್ಕೆ ಕಿಟಕಿಯ ಗಾಜು ನಡುಗುತ್ತಿತ್ತು. ಅವನ ಕೆಲಸವೋ, ದಿನವಿಡೀ ಫೈಲುಗಳ ಧೂಳು ಕೊಡವುವುದು.

ಹತ್ತೂವರೆಗೆ ಮೊದಲ ಸೀನು. ಮೈಕಿನ ಕೆಂಪು ದೀಪ ಹತ್ತಿತು.

"ಅಯ್ಯೋ, ಹೋಯ್ತಲ್ರೀ ನಿಮ್ಮ ಕುರ್ಚಿ!" ಎಂದು ಟೈಪಿಸ್ಟ್ ಅಕ್ಕ ಕೂಗಿ ಸಮಾಧಾನ ಹೇಳಿದಳು. ಆ ಸಮಾಧಾನಕ್ಕೂ ದೀಪ ಹತ್ತಿತು.

ಮುದಿ ಜವಾನ ಔಷಧಿ ಡಬ್ಬಿಯಿಂದ ಹತ್ತಿ ತಂದ. "ಮೂಗಿಗೆ ಇಟ್ಕೊಳ್ಳಿ ಸಾರ್."

"ಬದುಕಿರೋರ ಮೂಗಿಗೆ ಯಾಕಯ್ಯಾ? ಆ ಮೈಕಿನ ಕಿವಿಗೇ ತುರುಕು," ಎಂದಳು ಅಕ್ಕ.

ಗುಮಾಸ್ತ ಕುರ್ಚಿ ಹತ್ತಿ ತಾನೇ ತುರುಕಿದ. ಆಮೇಲೆ ಕೇಳಬೇಕೆ! ಅಕ್ಕ ಸೊಸೆಯ ಪುರಾಣವನ್ನು ಆದಿಯಿಂದ ಶುರು ಮಾಡಿದಳು, ಜವಾನ ಟೇಬಲ್ ಬಡಿದು ಹಾಡಿದ, ಗುಮಾಸ್ತ ಮನಸಾರೆ ಹದಿನಾಲ್ಕು ಸಲ ಸೀನಿದ. ದೀಪ ಮಾತ್ರ ಮಿಸುಕಲಿಲ್ಲ.

ಐದು ಗಂಟೆಗೆ ಮ್ಯಾನೇಜರರು ಕಾಗದ ಹಿಡಿದು ಬಂದರು. ಗುಮಾಸ್ತ ತಲೆ ಬಾಚಿಕೊಂಡು ಎದ್ದು ನಿಂತ.

"ಹನ್ನೊಂದು ಗಂಟೆಯಿಂದ ಇಲ್ಲಿ ಬರೀ ಸೊನ್ನೆ," ಎಂದರು ಮ್ಯಾನೇಜರರು. "ಬೀಗ ಹಾಕಿದ ಉಗ್ರಾಣದಲ್ಲೇ ಇಲಿ ಓಡಾಡಿ ಹನ್ನೆರಡು ಬಂದಿದೆ ಕಣ್ರೀ! ಸಹಿ ಹಾಕಿ ಎಲ್ಲಿ ತೊಲಗಿದ್ರಿ ಎಲ್ಲರೂ? ಎಲ್ಲರೂ ಅರ್ಧ ದಿನದ ರಜೆ ಅರ್ಜಿ ಕೊಡಿ. ಹಿರಿಯರಾದ ನಿಮಗೆ ಮೆಮೋ. ಕುರ್ಚಿ ಉಗ್ರಾಣದ ಗುಮಾಸ್ತರಿಗೆ."

"ಅವರು ಇವತ್ತು ರಜ ಅಲ್ವಾ ಸಾರ್?" ಎಂದ ಗುಮಾಸ್ತ.

"ಅದಕ್ಕೇ ಗಲಾಟೆ ಕಡಿಮೆ."

ಹತ್ತಿಯ ವಿಷಯ ಗುಮಾಸ್ತನ ನಾಲಿಗೆಯ ತುದಿಗೆ ಬಂತು. ಬಾಯಿಬಿಟ್ಟರೆ ಇರುವ ಕೆಲಸಕ್ಕೂ ಕುತ್ತು. ಅಳು ಬರುವಂತಾಯಿತು.

"ಸಾರ್, ನಾವಿಲ್ಲೇ ಇದ್ವಿ! ಮೂರು ಗಂಟೆಗೆ ನೀವೇ ಬಂದು ನನ್ನ ಮೇಲೆ ಕೂಗಾಡಿ ಫೈಲು ತಗೊಂಡು ಹೋದ್ರಲ್ಲ ಸಾರ್!"

ಮ್ಯಾನೇಜರರು ಕನ್ನಡಕ ಏರಿಸಿ ಕಾಗದದ ಮೇಲೆ ಬೆರಳಾಡಿಸಿದರು.

"ಮೂರು ಗಂಟೆಗೂ ಸೊನ್ನೆ ಇದೆ. ಅಂದ್ಮೇಲೆ ನಾನೂ ಬಂದಿಲ್ಲ."

ಹೀಗೆಂದವರೇ ಮೂರು ಗಂಟೆಗೆ ಒಯ್ದಿದ್ದ ಫೈಲನ್ನು ಅವನ ಮೇಜಿನ ಮೇಲಿಟ್ಟು ಹೊರಟುಹೋದರು.